ಮೇಲಿನ ಹುಣಸೇಕಟ್ಟೆಯ ಜೀವನಮಟ್ಟ

ನೌಕರಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಮಾಡುತ್ತಿದ್ದ ಕೆಲಸವನ್ನು ನಾಲ್ಕು ಜನರೆದುರು ಹೇಳಿಕೊಳ್ಳಲು ನನಗೆ ಸಂಕೋಚವಾಗುತ್ತಿತ್ತು. ಯಾರದೋ ಮನೆಯ ಪಡಸಾಲೆಯಲ್ಲಿ ತಕ್ಕಡಿ ಹಿಡಿದು ಕೂರುವುದು, ಅವರು ಉಣ್ಣಬೇಕಾದ ಮುದ್ದೆಯನ್ನು ತೂಗಿ ಬರೆದುಕೊಳ್ಳುವುದು, ಆಮೇಲೆ "ಈಗ ಊಟ ಮಾಡಬಹುದು" ಎಂದು ಅಪ್ಪಣೆ ಕೊಡುವುದು. ದೇವನಹಳ್ಳಿಯಲ್ಲಿ ನಮ್ಮ ತಾಯಿ, ಮಗನಿಗೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ, "ಅದೇನೋ ಬರೆಯೋ ಕೆಲಸ" ಎಂದು ಹೇಳಿ ನೀರು ತರಲು ಹೊರಟುಬಿಡುತ್ತಿದ್ದಳು.

ಈಗ ಅದೇ ಕೆಲಸಕ್ಕೆ ದೊಡ್ಡ ದೊಡ್ಡ ಹೆಸರುಗಳು ಬಂದಿವೆ. ಹೊಸದಾಗಿ ಸೇರಿದ ಕೆಲವರು ಆಗಾಗ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಯಂತ್ರವೂ ಇರಲಿಲ್ಲ, ಜೀಪೂ ಇರಲಿಲ್ಲ, ಜೀವನಮಟ್ಟ ಹೇಗೆ ಅಳೀತಿದ್ರಿ ಸರ್?" ಎನ್ನುತ್ತಾರೆ. ತಪ್ಪಾಗಿ ಅಳೆಯುತ್ತಿದ್ದೆವು ಎಂಬುದೇ ಅದಕ್ಕೆ ನಿಜವಾದ ಉತ್ತರ. ಬಡ್ತಿ, ವರ್ಗಾವಣೆಗಳ ಕಥೆ ಸೇವಾಪುಸ್ತಕದಲ್ಲಿದೆ. ಅಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಅದು ಎರಡನೇ ಮಹಾಯುದ್ಧದ ಕಾಲ. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ಚೀಟಿ. ಹಳ್ಳಿಗಳಿಂದ ರಾಗಿಯನ್ನು ಸರ್ಕಾರ ಲೆವಿ ಎಂದು ತೆಗೆದುಕೊಳ್ಳುತ್ತಿತ್ತು. ಯಾವ ಊರಿನವರು ಎಷ್ಟು ಉಣ್ಣುತ್ತಾರೆ, ಎಷ್ಟು ದುಡಿಯುತ್ತಾರೆ, ಹೇಗೆ ಬಾಳುತ್ತಾರೆ ಎಂದು ತಿಳಿಯಲು ಬೆಂಗಳೂರಿನಲ್ಲಿ ಒಂದು ಸಣ್ಣ ಕಚೇರಿ ತೆರೆದರು. ನನ್ನಂಥ ಐದು ಜನ ತನಿಖೆದಾರರು, ನಮ್ಮ ಮೇಲೆ ಸೀತಾಪತಿರಾಯರು ಎಂಬ ಅಧಿಕಾರಿ.

ರಾಯರು ಕೃಶ ಶರೀರದ, ಬಹಳ ಶುದ್ಧವಾದ ಮನುಷ್ಯ. ಬರೆದ ಅಂಕಿಯನ್ನು ತಿದ್ದುವುದೆಂದರೆ ಅವರಿಗೆ ಸುಳ್ಳುಸಾಕ್ಷಿ ಹೇಳಿದಷ್ಟೇ ದೊಡ್ಡ ಪಾಪ. ಹಳ್ಳಿಗೆ ಅವರು ಹೋದವರಲ್ಲ. ಹಳ್ಳಿಯ ವಿಚಾರವಾಗಿ ಇಂಗ್ಲಿಷಿನಲ್ಲಿ ಬಂದ ಎಲ್ಲವನ್ನೂ ಓದಿದ್ದರು.

ನನ್ನನ್ನು ಮೊದಲು ಕಳಿಸಿದ್ದು ದೊಡ್ಡಬಳ್ಳಾಪುರಕ್ಕೆ. ಒಬ್ಬ ನೇಕಾರ ಗಂಟೆಗೆ ಎಷ್ಟು ನೇಯುತ್ತಾನೆ ಎಂದು ಗಡಿಯಾರ ಇಟ್ಟುಕೊಂಡು ನೋಡಬೇಕು. ಚೌಡಪ್ಪ ಎಂಬ ನೇಕಾರರ ಮಗ್ಗದ ಪಕ್ಕದಲ್ಲಿ ಕೂತೆ. ಅವರು ಲಾಳಿಯನ್ನು ನಾಲ್ಕು ಸಲ ಎಸೆದರು, ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ?"

"ನೀವು ಬಂದಿದ್ದೀರಲ್ಲ ಸ್ವಾಮಿ, ಕಾಫಿಗೆ ಹೇಳ್ಬೇಕು."

ಕಂಡಿಕೆ ಸುತ್ತುತ್ತಿದ್ದ ಅವರ ಹೆಂಡತಿ ಅದನ್ನು ಬಿಟ್ಟು ಒಲೆ ಹಚ್ಚಲು ಹೋದರು. ಕಂಡಿಕೆ ಇಲ್ಲದೆ ಲಾಳಿಗೆ ನೂಲಿಲ್ಲ, ಮತ್ತೆ ಮಗ್ಗ ನಿಂತಿತು. ಯಾಕೆ ನಿಂತಿತು ಎಂದು ನಾನು ಪುನಃ ಕೇಳಿದೆ, ಅದನ್ನು ವಿವರಿಸಲು ಅವರು ಕೈಯನ್ನು ಮಗ್ಗದಿಂದ ತೆಗೆದರು. ಅಷ್ಟರಲ್ಲಿ ಸರ್ಕಾರದವರು ಚೌಡಪ್ಪನ ಮನೆಗೆ ಗಡಿಯಾರ ತಂದಿದ್ದಾರೆಂದು ಬೀದಿಯವರೆಲ್ಲ ನೋಡಲು ಬಂದರು. ಅವರ ಮಗ್ಗಗಳೂ ನಿಂತವು. ಅಂದು ಮಧ್ಯಾಹ್ನ ಆ ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಕೇಳಲಿಲ್ಲ. ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದೆ. ರಾಯರು ಕನ್ನಡಕ ಮೇಲೆತ್ತಿ, "ಈ ಜನ ಇಷ್ಟೊಂದು ಸಲ ಕೆಲಸ ನಿಲ್ಲಿಸೋದಕ್ಕೆ ಕಾರಣ ಏನ್ರೀ?" ಎಂದರು.

"ನಾನು ಸರ್."

ಅವರು ನಗಲಿಲ್ಲ. ಅದಕ್ಕೆ ನಮೂನೆಯಲ್ಲಿ ಅಂಕಣವಿಲ್ಲ ಎಂದು ಹೇಳಿ, ನನ್ನನ್ನು ಊಟ ತೂಗುವ ಕೆಲಸಕ್ಕೆ ಹಾಕಿದರು. ಅಲ್ಲಿ ಜನ ಸುಮ್ಮನೆ ಉಣ್ಣುತ್ತಾರೆ, ನಾನು ಕೆಡಿಸುವುದಕ್ಕೆ ಏನೂ ಇರುವುದಿಲ್ಲ ಎಂದು ಅವರ ನಂಬಿಕೆ.

ಹೊಸಕೋಟೆ ತಾಲ್ಲೂಕಿನಲ್ಲಿ ಮೂರು ಹಳ್ಳಿ ಮುಗಿಸಿ ನಾಲ್ಕನೆಯದಾಗಿ ನಾನು ಹೋದ ಊರು ಹುಣಸೇಕಟ್ಟೆ. ಇದ್ದಿಲಿನ ಗ್ಯಾಸಿನಲ್ಲಿ ಓಡುವ ಬಸ್ಸು ಸೂಲಿಬೆಲೆಯಲ್ಲಿ ಇಳಿಸಿತು. ಅಲ್ಲಿಂದ ತಕ್ಕಡಿ, ತೂಕದ ಬಟ್ಟು, ಛತ್ರಿ, ನಮೂನೆಗಳ ಚೀಲ ಹೊತ್ತು ನಡೆದೆ. ಊರಿನ ಪಟೇಲರು ಮುನಿಶಾಮೇಗೌಡರು ಅಗಸೆ ಬಾಗಿಲ ಹತ್ತಿರವೇ ಕಾಯುತ್ತಿದ್ದಂತೆ ನಿಂತಿದ್ದರು. ನಾನು ನನ್ನ ಪಾಠ ಒಪ್ಪಿಸಿದೆ. "ನಾನು ಸರ್ಕಾರದ ಕಡೆಯವನು. ನಿಮ್ಮ ಊರಿನ ಜನ ಹೇಗೆ ಬಾಳುತ್ತಾರೆ ಎಂದು ವಿಚಾರಿಸಲು ಬಂದಿದ್ದೇನೆ."

ಪಟೇಲರು ಸುತ್ತ ನಿಂತವರ ಮುಖ ನೋಡಿ, ಆಮೇಲೆ ನನ್ನ ಮುಖ ನೋಡಿ ನಕ್ಕರು. "ಗೊತ್ತು ಬುದ್ಧಿ, ಗೊತ್ತು. ಸರ್ಕಾರದ ಕಡೆಯೋರೇ! ಬನ್ನಿ, ಎಲ್ಲಾ ವಿಚಾರಿಸ್ಕಳಿ. ನಮ್ತಾವ ಮುಚ್ಚುಮರೆ ಇಲ್ಲ."

ಇಷ್ಟು ಪ್ರೀತಿಯ ಸ್ವಾಗತ ನನಗೆ ಎಲ್ಲೂ ಸಿಕ್ಕಿರಲಿಲ್ಲ. ಬೇರೆ ಹಳ್ಳಿಗಳಲ್ಲಿ ನನ್ನ ಚೀಲ ಕಂಡರೆ ಹಸುಗಳನ್ನು ತೋಪಿಗೆ ಅಟ್ಟುತ್ತಿದ್ದರು. ಇಲ್ಲಿ ಹಸುಗಳನ್ನು ನಾನಿದ್ದಲ್ಲಿಗೇ ಹೊಡೆದುಕೊಂಡು ಬಂದರು. ಎತ್ತು ಎಷ್ಟು, ಹೆಂಗಸರಿಗೆ ಸೀರೆ ಎಷ್ಟು, ಮನೆಯಲ್ಲಿ ಯಾರಿಗಾದರೂ ಕಾಯಿಲೆ ಇದೆಯೇ, ಯಾರಾದರೂ ಓದು ಬಲ್ಲವರುಂಟೇ, ಯಾರು ಎಲ್ಲಿ ಮಲಗುತ್ತಾರೆ ಎಂದು ನಾನು ಕೇಳುತ್ತ ಹೋದಂತೆ ಜನ ಒಬ್ಬರನ್ನೊಬ್ಬರು ತಿವಿದು ತಲೆಯಾಡಿಸಿದರು. ಎಲ್ಲಕ್ಕೂ ಸಮೃದ್ಧವಾದ ಉತ್ತರ ಬಂತು. ಮೂರ್ಛೆರೋಗ ಇಲ್ಲ ಎಂದು ಮೂರು ಮನೆಯವರು ನಾನು ಕೇಳುವ ಮೊದಲೇ ಹೇಳಿದರು.

ಹನ್ನೆರಡು ಮನೆ ಆರಿಸಿಕೊಂಡು, ದಿನಕ್ಕೊಂದು ಮನೆಯಂತೆ ಊಟ ತೂಗಿದೆ. ಮೊದಲ ಮನೆಯಲ್ಲಿ ಮುದ್ದೆ, ಅವರೇಕಾಳಿನ ಸಾರು, ತುಪ್ಪ. ಎರಡನೆಯ ಮನೆಯಲ್ಲೂ ಮುದ್ದೆ, ಅವರೇಕಾಳಿನ ಸಾರು, ತುಪ್ಪ. ಮೂರನೆಯ ಮನೆಯಲ್ಲಿ ಅದರ ಜೊತೆಗೆ ಕೋಳಿ. ಪ್ರತಿ ಮನೆಯಲ್ಲೂ ಒಂದು ದೊಡ್ಡ ಹಿತ್ತಾಳೆ ಕೊಳಗ, ಅದರ ಎಡಮಗ್ಗುಲಲ್ಲಿ ಒಂದು ತಗ್ಗು. ಈ ಊರಿನವರೆಲ್ಲ ಒಬ್ಬನೇ ಕಂಚುಗಾರನ ಹತ್ತಿರ ಕೊಂಡಿರಬೇಕು ಎಂದುಕೊಂಡೆ.

ಹನುಮಂತ ಎಂಬ ಯುವಕನೂ ಪ್ರತಿ ಮನೆಯಲ್ಲಿದ್ದ. ಮೊದಲ ಮನೆಯಲ್ಲಿ ಹಿರಿಯ ಮಗ. ಒಂದೇ ಹೊತ್ತಿಗೆ ನಾಲ್ಕು ಮುದ್ದೆ ಇಳಿಸಿದ. ಮಾರನೆಯ ದಿನ ಎರಡನೆಯ ಮನೆಯಲ್ಲೂ ಅವನೇ ಹಿರಿಯ ಮಗನಾಗಿ ಕೂತಿದ್ದ. ಮೂರನೆಯ ಮನೆಯಲ್ಲೂ ಅವನನ್ನು ಕಂಡಾಗ ನಾನು ಪಟೇಲರನ್ನು ಕೇಳಿದೆ.

"ಅವನ್ನ ದತ್ತು ಕೊಟ್ಟವ್ರೆ ಬುದ್ಧಿ," ಎಂದರು ಪಟೇಲರು.

"ಮೂರು ಮನೆಗಾ?"

"ಬಲು ಒಳ್ಳೇ ಹುಡ್ಗ. ಎಲ್ರೂ ಕೇಳಿದ್ರು."

ನಾನು ಆಗ ಇಪ್ಪತ್ತೆರಡರವನು. ಬರೆದುಕೊಂಡೆ. ಒಂಬತ್ತನೆಯ ದಿನಕ್ಕೆ ಹನುಮಂತನ ಕಣ್ಣು ಒಳಕ್ಕೆ ಹೋಗಿತ್ತು. ನಾನು ತಕ್ಕಡಿ ಎತ್ತುವಾಗ ಅವನು ಹತ್ತಿರ ಬಗ್ಗಿ, "ಇನ್ನೂ ಎಷ್ಟು ಮನೆ ಐತೆ ಸ್ವಾಮಿ?" ಎಂದು ಪಿಸುಗುಟ್ಟಿದ. ಮೂರು ಎಂದೆ. ಅವನು ದೇವರ ಗೂಡಿನ ಕಡೆ ತಿರುಗಿ ಕೈಮುಗಿದ.

ವರದಿ ಓದಿ ರಾಯರು ಬಹಳ ಸಂತೋಷಪಟ್ಟರು. ಹುಣಸೇಕಟ್ಟೆಯ ಜನ ಸುತ್ತಲಿನ ಹಳ್ಳಿಗಳಿಗಿಂತ ಇಮ್ಮಡಿ ಉಣ್ಣುತ್ತಿದ್ದರು. ದತ್ತಿನ ಸಂಗತಿಯ ಪಕ್ಕದಲ್ಲಿ ಕೆಂಪು ಮಸಿಯಲ್ಲಿ "ಸ್ವಾರಸ್ಯಕರ ಪದ್ಧತಿ, ಹೆಚ್ಚಿನ ವಿವರ ಬೇಕು" ಎಂದು ಬರೆದರು. ವರದಿ ಮೇಲಿನವರಿಗೆ ಹೋಯಿತು, ಅಂಗೀಕಾರವಾಯಿತು, ಅಲ್ಲಿಂದ ಆಹಾರಧಾನ್ಯದ ಕಚೇರಿಗೆ ನಡೆಯಿತು.

ಎರಡು ತಿಂಗಳ ಮೇಲೆ ಒಂದು ದಿನ ಮುನಿಶಾಮೇಗೌಡರು ನಮ್ಮ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಬಸ್ಸು ಕೆಟ್ಟು ಅರ್ಧ ದಾರಿ ನಡೆದು ಬಂದಿದ್ದರು, ಕಾಲೆಲ್ಲ ಧೂಳು. ಕೈಯಲ್ಲಿ ಒಂದು ಕಾಗದ. ಓದಿದೆ. ಈ ಗ್ರಾಮದವರಲ್ಲಿ ಉಣ್ಣುವುದಕ್ಕೂ ಮಿಕ್ಕು ಧಾನ್ಯವಿರುವುದು ಕಂಡುಬಂದಿರುವುದರಿಂದ, ಈಗಾಗಲೇ ಕೊಟ್ಟಿರುವ ಲೆವಿಯ ಜೊತೆಗೆ ಇನ್ನೂ ಆರು ಗಾಡಿ ರಾಗಿಯನ್ನು ಒಪ್ಪಿಸತಕ್ಕದ್ದು.

"ಆರು ಗಾಡಿ ಕೊಟ್ರೆ ಬಿತ್ತನೆಗೂ ಇರಾಕಿಲ್ಲ ಬುದ್ಧಿ," ಎಂದರು ಪಟೇಲರು. ಆಮೇಲೆ ಅಕ್ಕಪಕ್ಕ ನೋಡಿ ಮೆಲ್ಲಗೆ ಕೇಳಿದರು. "ನೀವು ಅನುಗೊಂಡನಹಳ್ಳಿಯೋರಲ್ವಾ?"

"ಅಲ್ಲ. ದೇವನಹಳ್ಳಿಯವನು."

"ಬೈರೇಗೌಡ್ರು ಕಳ್ಸಿದ್ದಲ್ವಾ?"

"ಯಾವ ಬೈರೇಗೌಡರು?"

ಪಟೇಲರು ಹಣೆಗೆ ಕೈಯಿಟ್ಟುಕೊಂಡರು. ಆಗ ವಿಷಯ ಹೊರಬಿತ್ತು. ಅವರ ಮಗಳು ಕೆಂಪಮ್ಮನಿಗೆ ಅನುಗೊಂಡನಹಳ್ಳಿಯ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗನ ಚಿಕ್ಕಪ್ಪ ಬೈರೇಗೌಡ, "ನಮ್ಮೋರು ಒಬ್ರು ಬಂದು ನಿಮ್ಮೂರಲ್ಲಿ ವಿಚಾರಿಸ್ಕಂಡು ಹೋಯ್ತಾರೆ" ಎಂದು ಹೇಳಿಕಳಿಸಿದ್ದ. ಆ ವಾರವೇ ನಾನು ಚೀಲ ಹೊತ್ತು ಹೋಗಿ, ಎತ್ತು ಎಷ್ಟು, ಸೀರೆ ಎಷ್ಟು, ಕಾಯಿಲೆ ಉಂಟೇ ಎಂದು ಕೇಳಿದ್ದೆ. ಹೆಣ್ಣು ಕೇಳಲು ಬಂದವರು ಕೇಳುವ ಪ್ರಶ್ನೆಗೂ ನಮ್ಮ ನಮೂನೆಯ ಪ್ರಶ್ನೆಗೂ ಒಂದಕ್ಷರದ ವ್ಯತ್ಯಾಸವಿರಲಿಲ್ಲ. ಪಟೇಲರ ಮಗಳ ಮಾನ ಉಳಿಸಲು ಇಡೀ ಊರು ಒಂದಾಗಿತ್ತು. ಅವರ ಮನೆಯ ಒಂದು ಮೂಟೆ ರಾಗಿಹಿಟ್ಟು, ಒಂದು ಕೊಳಗ, ಒಂದು ತುಪ್ಪದ ಗಡಿಗೆ, ಅವರ ಅಕ್ಕನ ಮಗ ಹನುಮಂತ, ಇಷ್ಟೂ ನನಗಿಂತ ಒಂದು ಹೆಜ್ಜೆ ಮುಂದೆ ಮನೆಯಿಂದ ಮನೆಗೆ ನಡೆದಿದ್ದವು. ನಾನು ಹನ್ನೆರಡು ದಿನವೂ ಒಂದೇ ಮನೆಯ ಊಟವನ್ನು ತೂಗಿದ್ದೆ.

ಆ ಗಳಿಗೆಯ ನಾಚಿಕೆ ಇವತ್ತಿಗೂ ನನಗೆ ನೆನಪಿದೆ. ನಾಚಿಕೆಗಿಂತ ಹೆಚ್ಚಾಗಿ ಭಯ. ನನ್ನ ಕೈಬರಹದ ಹನ್ನೆರಡು ನಮೂನೆಗಳಿಂದ ಒಂದು ಊರಿನ ಬಿತ್ತನೆ ರಾಗಿ ಗಾಡಿ ಹತ್ತಲಿತ್ತು. ಪಟೇಲರನ್ನು ಕರೆದುಕೊಂಡೇ ರಾಯರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಕೆಲಸ ಹೋಯಿತೆಂದೇ ಅಂದುಕೊಂಡಿದ್ದೆ. ರಾಯರು ವರದಿಯ ಪ್ರತಿ ತೆಗೆದು, ತಾವು ಕೆಂಪು ಮಸಿಯಲ್ಲಿ ಬರೆದಲ್ಲಿ ಬೆರಳಿಟ್ಟು, "ಹಾಗಾದ್ರೆ ಆ ದತ್ತು ಪದ್ಧತಿ?" ಎಂದರು.

"ಇಲ್ಲ ಸರ್."

"ಛೆ," ಎಂದರು. ಮರುಪರಿಶೀಲನೆಗೆ ತಾವೇ ಬರುವುದಾಗಿ ಹೇಳಿದರು. ನಿಯಮದ ಪ್ರಕಾರ ಗ್ರಾಮಕ್ಕೆ ಒಂದು ವಾರ ಮುಂಚೆ ನೋಟೀಸು ಕೊಡಬೇಕು, ಕೊಟ್ಟರು. ಪಟೇಲರನ್ನು ಬಸ್ಸಿಗೆ ಹತ್ತಿಸುವಾಗ ನಾನು ಅವರ ಕೈಹಿಡಿದು, "ಈ ಸಲ ನಿಜ ತೋರಿಸಿ ಪಟೇಲ್ರೇ. ನಿಜವೇ ನಿಮ್ಮನ್ನು ಉಳಿಸೋದು," ಎಂದು ಕೇಳಿಕೊಂಡೆ.

"ಖಂಡಿತ ಬುದ್ಧಿ," ಎಂದರು ಪಟೇಲರು. ಅವರು ಹೇಳಿದ ರೀತಿಯಲ್ಲೇ ನನಗೆ ಅನುಮಾನ ಬರಬೇಕಿತ್ತು.

ರಾಯರು ಜೀವನದಲ್ಲಿ ಮೊದಲ ಸಲ ಹಳ್ಳಿಗೆ ಕಾಲಿಟ್ಟ ದಿನ ಹುಣಸೇಕಟ್ಟೆಯಲ್ಲಿ ಒಂದು ಹಸುವೂ ಇರಲಿಲ್ಲ. ಜಗಲಿಗಳ ಮೇಲೆ ಜನ ಹೊಟ್ಟೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದರು. ಹನುಮಂತ ಒಂದು ಕಂಬಕ್ಕೆ ಒರಗಿ ಕೆಮ್ಮುತ್ತಿದ್ದ. ಪಟೇಲರ ಪಡಸಾಲೆಯಲ್ಲಿ ಹರಿದ ಚಾಪೆಯ ವಿನಾ ಏನೂ ಇಲ್ಲ. ಮೂಲೆಯಲ್ಲಿ ಬಿದಿರಿನ ಕಣಜ ನಿಂತಿತ್ತು.

"ಇದರಲ್ಲಿ ಎಷ್ಟು ಧಾನ್ಯ ಇದೆ?" ಎಂದು ಕೇಳಿದರು ರಾಯರು.

"ಬರೀ ಕಣಜ ಸ್ವಾಮಿ. ಗಾಳಿ ತುಂಬೈತೆ."

ರಾಯರು ಸೊನ್ನೆ ಬರೆದರು. ಕಣಜದೊಳಗಿಂದ ಹುಂಜ ಕೂಗಿತು.

ರಾಯರು ಲೇಖನಿ ನಿಲ್ಲಿಸಿದರು. ಪಟೇಲರು ಕಣ್ಣು ಮಿಟುಕಿಸದೆ, "ಹಳೇ ಬಿದಿರು. ಬಿಸಿಲು ಏರ್ದಂಗೆ ಹಂಗೆ ಸದ್ದು ಮಾಡ್ತದೆ," ಎಂದರು. ಒಳಗೆ ಇನ್ನೆರಡು ಕೋಳಿ ಅದನ್ನು ಅನುಮೋದಿಸಿದವು.

"ಮನೆಯವರು ಇವತ್ತು ಏನು ಊಟ ಮಾಡಿದ್ರಿ?"

"ಏನಿಲ್ಲ ಸ್ವಾಮಿ."

"ನಿನ್ನೆ?"

"ನೆನ್ನೆ ಅಮಾಸೆ, ಉಪವಾಸ."

"ಮೊನ್ನೆ?"

"ಮೊನ್ನೆ ಅಮಾಸೆಗೆ ಮೊದ್ಲು."

ಈ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ಗೆಜ್ಜೆ ಕಟ್ಟಿದ ಎತ್ತಿನ ಗಾಡಿಯೊಂದು ಬಂದು ನಿಂತ ಸದ್ದಾಯಿತು. ಯಾರೋ ಓಡಿ ಬಂದು ಪಟೇಲರ ಕಿವಿಯಲ್ಲಿ ಏನೋ ಹೇಳಿದರು. ಅವರ ಮುಖದ ಬಣ್ಣವೇ ಇಳಿದುಹೋಯಿತು. ಮುಂದಿನ ವಾರ ಹೆಣ್ಣು ನೋಡಲು ಬರಬೇಕಾಗಿದ್ದ ಅನುಗೊಂಡನಹಳ್ಳಿಯ ಬೀಗರು, ಆ ವಾರ ದಿನ ಚೆನ್ನಾಗಿಲ್ಲವೆಂದು ಇವತ್ತೇ ಬಂದಿದ್ದರು.

ಪಟೇಲರು ಒಂದೇ ದಿನ, ಒಂದೇ ಮನೆಯಲ್ಲಿ, ಒಬ್ಬರಿಗೆ ಉಪವಾಸ ಬಿದ್ದವರಾಗಿಯೂ ಇನ್ನೊಬ್ಬರಿಗೆ ಉಂಡುಟ್ಟು ಸುಖವಾಗಿರುವವರಾಗಿಯೂ ಕಾಣಬೇಕಾಯಿತು. ಪಕ್ಕದ್ದು ಅವರ ತಮ್ಮನ ಮನೆ. ಎರಡರ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಬೀಗರನ್ನು ಅಲ್ಲಿಗೆ ಕರೆದೊಯ್ದು ಕೂರಿಸಿದರು. ಬಾಗಿಲ ಆಚೆ ಜಮಖಾನ ಹಾಸುವ ಸದ್ದು, ಕೊಳಗ ಉರುಳಿದ ಸದ್ದು, ತುಪ್ಪ ಕಾಯಿಸುವ ವಾಸನೆ. ಈಚೆಗೆ ಪಟೇಲರು ಓಡಿ ಬಂದು ಏದುಸಿರು ಬಿಡುತ್ತ ಚಾಪೆಯ ಮೇಲೆ ಕೂತು ನಿಟ್ಟುಸಿರು ಬಿಡುವರು, ಮತ್ತೆ ಎದ್ದು ಓಡುವರು. ಅಲ್ಲಿ ಹೋಗುವಾಗ ಪೇಟ ಸುತ್ತಿಕೊಳ್ಳುವುದು, ಇಲ್ಲಿ ಬರುವಾಗ ಬಿಚ್ಚುವುದು. ಒಂದು ಸಲ ಪೇಟದಲ್ಲೇ ಬಂದು ಕೂತು, "ಮೈಮೇಲೆ ಬಟ್ಟೆ ಇಲ್ಲ ಸ್ವಾಮಿ" ಎಂದರು.

ರಾಯರು ಅನುಮಾನದ ಮನುಷ್ಯರಲ್ಲ. ಕ್ರಮವಾಗಿ ಪ್ರಶ್ನೆ ಕೇಳುತ್ತ ಹೋದರು. ಹೆಣ್ಣುಮಕ್ಕಳಿಗೆ ಸೀರೆ ಎಷ್ಟು ಎಂದಾಗ ಕೆಂಪಮ್ಮನನ್ನೇ ಕರೆದರು. ಹದಿನೆಂಟರ ಹುಡುಗಿ, ತೇಪೆ ಹಾಕಿದ ಸೀರೆಯಲ್ಲಿ ಬಂದು ನಿಂತಳು. "ಒಂದೇಯ," ಎಂದಳು. ರಾಯರು ಒಂದು ಎಂದು ಬರೆದರು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯಲ್ಲಿ ಹುಡುಗಿಯನ್ನು ಕರೆಯಿರಿ ಎಂಬ ಮಾತು ಕೇಳಿತು, ಬಳೆಯ ಸದ್ದು ಕೇಳಿತು. ಹೀಗೆ ಮೂರು ಸಲ ಈಚೆಗೂ ಆಚೆಗೂ ಅವಳನ್ನು ಕರೆದದ್ದಾಯಿತು. ಕೊನೆಗೆ ರಾಯರು ಹೆಂಗಸರ ಕಾಯಿಲೆಯ ಪ್ರಶ್ನೆಗೆ ಬಂದು ಕೆಂಪಮ್ಮನನ್ನು ಪುನಃ ಕರೆದರು.

ಅವಳು ನಡುವಿನ ಬಾಗಿಲಿನಿಂದಲೇ ಬಂದಳು. ರೇಷ್ಮೆ ಸೀರೆ, ತಲೆತುಂಬ ಹೂವು, ಕೈಯಲ್ಲಿ ಕಜ್ಜಾಯದ ತಟ್ಟೆ. ಯಾವ ಕಡೆಗೆ ಯಾವ ವೇಷ ಎಂಬುದೇ ಆ ಓಡಾಟದಲ್ಲಿ ಅವಳಿಗೆ ತಪ್ಪಿಹೋಗಿತ್ತು.

ರಾಯರು ಕನ್ನಡಕ ಸರಿಮಾಡಿಕೊಂಡು, ಬಹಳ ಸೌಮ್ಯವಾಗಿ, "ಇದು ಎರಡನೇ ಸೀರೆ ಅಲ್ವೇನಮ್ಮಾ?" ಎಂದರು.

ಕೆಂಪಮ್ಮ ತನ್ನ ಸೀರೆಯನ್ನೊಮ್ಮೆ ನೋಡಿಕೊಂಡಳು. ತಟ್ಟೆಯನ್ನು ನೆಲದ ಮೇಲಿಟ್ಟಳು. "ನನ್ ಕೈಲಾಗಕ್ಕಿಲ್ಲ ಕಣಪ್ಪೋ. ನಾಕು ಸಲ ಉಟ್ಟು ನಾಕು ಸಲ ಬಿಚ್ಚಿದ್ದೀನಿ," ಎಂದು ಹೇಳಿ, ಹಿಂದಕ್ಕೆ ತಿರುಗಿ ನಡುವಿನ ಬಾಗಿಲನ್ನು ಪೂರ್ತಿ ತೆರೆದುಬಿಟ್ಟಳು.

ಈ ಕಡೆ ಹರಿದ ಚಾಪೆಯ ಮೇಲೆ ನಾವಿಬ್ಬರು. ಆ ಕಡೆ ಜಮಖಾನದ ಮೇಲೆ ನಾಲ್ವರು ಗಂಡಸರು, ಒಬ್ಬ ಮುದುಕಿ. ಎಲ್ಲರೂ ಎಲ್ಲರನ್ನೂ ನೋಡಿದರು. ಮಧ್ಯದಲ್ಲಿ ಪಟೇಲರು ಅರ್ಧ ಬಿಚ್ಚಿದ ಪೇಟದ ತುದಿ ಹಿಡಿದು ನಿಂತಿದ್ದರು. ಜಮಖಾನದ ಮೇಲಿದ್ದ ದಪ್ಪ ಮೀಸೆಯ ಗೃಹಸ್ಥರೊಬ್ಬರು ಎದ್ದುನಿಂತು, "ಏನಿದು ನಾಟಕ? ನಾಕು ಜೊತೆ ಎತ್ತು ಕಟ್ಟಿರೋ ಮನೆತನ ನಮ್ದು, ನಮ್ಮನ್ನ..." ಎಂದು ಶುರುಮಾಡಿದವರು ನನ್ನನ್ನು ಕಂಡು ಮಾತು ನುಂಗಿದರು.

ನನಗೂ ಆ ಮೀಸೆ ಪರಿಚಿತವೆನಿಸಿತು. ಹುಣಸೇಕಟ್ಟೆಗೆ ಬರುವ ಮೊದಲು ನಾನು ಅನುಗೊಂಡನಹಳ್ಳಿಯಲ್ಲಿ ಇದೇ ಕೆಲಸ ಮಾಡಿದ್ದೆ. ಹೆಸರು ನೆನಪಿರಲಿಲ್ಲ, ಉತ್ತರ ನೆನಪಿತ್ತು. ಒಂದು ಮುದಿ ಹಸು, ಎರಡು ಮೇಕೆ, ಉಳುವುದಕ್ಕೆ ಎತ್ತಿಲ್ಲ, ರಾಗಿ ಸಂಕ್ರಾಂತಿಗೇ ಮುಗಿಯುತ್ತದೆ ಎಂದು ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದವರು ಇವರೇ. ನನಗೆ ಅಂದು ಅವರ ಮೇಲೆ ಕನಿಕರ ಬಂದಿತ್ತು.

ನಾನು ಏನೂ ಯೋಚಿಸದೆ, ಅನುಗೊಂಡನಹಳ್ಳಿಯ ನಮೂನೆಗಳೂ ಇದ್ದ ಚೀಲದ ಕಡೆ ಕೈ ಚಾಚಿದೆ.

"ತೆಗೀಬ್ಯಾಡಿ ಸ್ವಾಮಿ!" ಎಂದರು ಮೀಸೆಯವರು. ಅವರೇ ಬೈರೇಗೌಡರು.

ಮುದುಕಿ ಹುಡುಗನ ಅಜ್ಜಿ, ಬೈರೇಗೌಡರ ತಾಯಿ. ಅವಳು ಮಗನ ಮುಖ, ನನ್ನ ಚೀಲ ಎರಡನ್ನೂ ನೋಡಿ, "ಏನ್ ಬರ್ದೈತಪ್ಪಾ ಅದ್ರಾಗೆ? ಓದು, ನಾನೂ ಕೇಳ್ತೀನಿ," ಎಂದಳು.

ರಾಯರು ಚಾಪೆಯಿಂದ ಎದ್ದರು. ಅಷ್ಟು ಗಟ್ಟಿಯಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಒಬ್ಬರು ಕೊಟ್ಟ ಉತ್ತರವನ್ನು ಇನ್ನೊಬ್ಬರಿಗೆ ಓದುವಂತಿಲ್ಲ. ಅದು ಗೋಪ್ಯ."

"ಓದೋದು ಬ್ಯಾಡ ಬುಡಿ. ಇವ್ನ ಮೊಕ ನೋಡಿದ್ರೇ ಸಾಕು," ಎಂದಳು ಮುದುಕಿ. ಅವಳಿಗೆ ನಗು ಬಂದುಬಿಟ್ಟಿತು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಕಣಜದಲ್ಲಿ ಹುಂಜ ಇನ್ನೊಂದು ಸಲ ಕೂಗಿತು. ಪಟೇಲರು ಹೋಗಿ ಕಣಜದ ಮುಚ್ಚಳ ತೆಗೆದರು. ಎಂಟು ಕೋಳಿಗಳು ಹಾರಿ ಬಂದು ನಮ್ಮ ನಮೂನೆಗಳ ಮೇಲೆ ಓಡಾಡಿದವು.

ಮುದುಕಿ ನಗು ಮುಗಿಸಿ ಕೆಂಪಮ್ಮನ ಕಡೆ ತಿರುಗಿದಳು. "ಈಗ ನೀನೇಳು ಮಗಾ. ನಿಮ್ಮಟ್ಟೀಲಿ ನಿಜವಾಗ್ಲೂ ಏನೈತೆ?"

ಹುಡುಗಿ ಅಪ್ಪನ ಕಡೆ ನೋಡಲಿಲ್ಲ. "ಏನೈತೋ ನಂಗೇನು ಗೊತ್ತು. ದಿನಾ ಬೀಸೋಳು ನಾನು. ಒಂಬತ್ತು ಜನ ನಾವು. ಸುಗ್ಗೀಲಿ ಆರು ಸೇರು ಬೀಸ್ತೀನಿ. ಯುಗಾದಿ ದಾಟಿದ್ರೆ ಐದು, ಒಂದೊಂದ್ಸಲ ನಾಕು. ಮಳೆಗಾಲಕ್ಕೆ ಮೂರು. ಮೂರು ಬೀಸಿದ್ ದಿನ ಅವ್ವನೂ ನಾನೂ ಕೊನೇಲಿ ಉಣ್ತೀವಿ, ಮಿಕ್ಕಿದ್ರೆ."

 ರಾಯರು, ನಮೂನೆಯಲ್ಲಿ ಮುಂದಿನ ಪ್ರಶ್ನೆ ಅದೇ ಎಂಬಂತೆ, "ಮಿಕ್ಕದಿದ್ರೆ?" ಎಂದು ಕೇಳಿದರು.

"ಮಿಕ್ಕದಿದ್ರೆ ಮಡಕೆ ತೊಳ್ದು ಕವುಚ್ತೀವಿ. ಅದ್ಕೆ ನಿಮ್ ಕಾಗದದಾಗೆ ಜಾಗ ಐತಾ?"

ಇರಲಿಲ್ಲ. ಹನ್ನೆರಡು ಪುಟದ ನಮೂನೆಯಲ್ಲಿ ಛತ್ರಿಗೆ ಜಾಗವಿತ್ತು, ಗಡಿಯಾರಕ್ಕಿತ್ತು, ಮನರಂಜನೆಗೂ ಇತ್ತು. ಕೊನೆಯಲ್ಲಿ ಉಣ್ಣುವವರಿಗೆ ಇರಲಿಲ್ಲ. ರಾಯರು ಅಂಚಿನ ಖಾಲಿ ಜಾಗದಲ್ಲಿ ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದುಕೊಂಡರು. ಬರೆಯುವಾಗ ಅವರ ಕೈ ನಿಧಾನವಾಗಿತ್ತು.

ಅಂದು ಮಧ್ಯಾಹ್ನ ನಾವು ತಕ್ಕಡಿಯನ್ನು ಚೀಲದಿಂದ ತೆಗೆಯಲೇ ಇಲ್ಲ. ಮುದುಕಿಯನ್ನೂ ಕೆಂಪಮ್ಮನನ್ನೂ ಮುಂದೆ ಮಾಡಿಕೊಂಡು ಮನೆಮನೆಗೆ ಹೋಗಿ ಹೆಂಗಸರನ್ನು ಮಾತ್ರ ಕೇಳಿದೆವು: ಎಷ್ಟು ಬೀಸುತ್ತೀರಿ, ಯಾವ ತಿಂಗಳಲ್ಲಿ ಎಷ್ಟು, ಯಾರು ಕೊನೆಗೆ ಉಣ್ಣುತ್ತಾರೆ. ಬೀಸುವವಳಿಗೆ ಅವಳ ತೋಳೇ ಲೆಕ್ಕ ಹೇಳುತ್ತದೆ. ಹನ್ನೆರಡು ದಿನದಲ್ಲಿ ನಾನು ಕಾಣದ್ದು ಹೊತ್ತು ಮುಳುಗುವುದರೊಳಗೆ ಕಂಡಿತು. ಮುಂದೆ ಎಷ್ಟೋ ವರ್ಷ ನಾನು ಹೋದ ಊರುಗಳಲ್ಲೆಲ್ಲ ಬೀಸುವ ಕಲ್ಲಿನಿಂದಲೇ ವಿಚಾರಣೆ ಶುರುಮಾಡುತ್ತಿದ್ದೆ. ಗಿರಣಿಗಳು ಬಂದ ಮೇಲೆ ಆ ದಾರಿ ಮುಚ್ಚಿತು. ಕೊನೆಯಲ್ಲಿ ಯಾರು ಉಣ್ಣುತ್ತಾರೆ ಎಂಬ ಪ್ರಶ್ನೆಯನ್ನು ನಾನು ಬಿಡಲಿಲ್ಲ. ನೀವೂ ಬಿಡಬೇಡಿ.

ಮದುವೆ ನಿಶ್ಚಯವಾಯಿತು. "ಎರಡು ಕಡೇನೂ ಸುಳ್ಳೇಳಿ ಆಯ್ತು, ಇನ್ನು ಸಂಬಂಧ ಮಾಡ್ಬೋದು," ಎಂದು ಮುದುಕಿ ಅಪ್ಪಣೆ ಕೊಟ್ಟಳಂತೆ. ನಮಗೂ ಕಜ್ಜಾಯ ಸಿಕ್ಕಿತು.

ಆದರೆ ಲೆವಿ ಹಾಗೇ ಉಳಿದಿತ್ತು. ಹೊಸ ವರದಿ ಹಿಡಿದು ರಾಯರು ಮೇಲಿನವರ ಹತ್ತಿರ ಹೋದರು. ಒಮ್ಮೆ ಅಂಗೀಕಾರವಾದ ಅಂಕಿಯನ್ನು ಬದಲಿಸುವ ಪದ್ಧತಿ ಇಲ್ಲ ಎಂದು ಉತ್ತರ ಬಂತು. ತಪ್ಪು ಅಂಕಿಯಾದರೂ? ಅಂಗೀಕಾರವಾದ ಮೇಲೆ ತಪ್ಪಾಗಲು ಹೇಗೆ ಸಾಧ್ಯ? ಬರವಣಿಗೆಯಲ್ಲಿ ಊರ ಹೆಸರೋ ಹೋಬಳಿಯ ಹೆಸರೋ ಕೈತಪ್ಪಿನಿಂದ ಹೆಚ್ಚುಕಡಮೆಯಾಗಿದ್ದರೆ ತಿದ್ದಿಕೊಳ್ಳಬಹುದು, ಅಷ್ಟೇ. ರಾಯರು ವಾಪಸು ಬಂದು ಕೋಣೆಯ ಬಾಗಿಲು ಹಾಕಿಕೊಂಡು ಕೂತರು. ಅಂದು ಅವರು ಕಾಫಿ ತರಿಸಲಿಲ್ಲ. ಸಂಜೆ ನನ್ನನ್ನು ಕರೆದರು.

"ಅಂಕಿ ತಿದ್ದೋ ಹಾಗಿಲ್ಲ," ಎಂದರು.

"ಹೌದು ಸರ್."

"ಹೆಸರು ತಿದ್ದಬಹುದು."

ನನಗೆ ಅರ್ಥವಾಗಲಿಲ್ಲ. ಅವರು ಮೊದಲ ವರದಿಯನ್ನು ಮುಂದಿಟ್ಟುಕೊಂಡು, ಹುಣಸೇಕಟ್ಟೆ ಎಂದಿದ್ದ ಕಡೆಯಲ್ಲೆಲ್ಲ ಎಡಕ್ಕೆ ಒಂದು ಪದ ಸೇರಿಸಿದರು. 'ಮೇಲಿನ'. ಹೊಸ ವರದಿಯಲ್ಲಿ 'ಕೆಳಗಿನ' ಎಂದು ಸೇರಿಸಿದರು. ಕೈತಪ್ಪಿನಿಂದ ಎರಡು ಗ್ರಾಮಗಳ ಹೆಸರು ಕಲೆತುಹೋಗಿದ್ದವು, ಈಗ ಸರಿಪಡಿಸಿದೆ ಎಂದು ಕೆಳಗೆ ಬರೆದು ಸಹಿ ಹಾಕಿದರು. ಬೆವರಿದ್ದರು. ಸುಳ್ಳು ಬರೆದು ಅಭ್ಯಾಸವಿಲ್ಲದ ಮನುಷ್ಯ. ಸಹಿಯ ಕೊನೆಯ ಅಕ್ಷರ ಕಾಗದದಿಂದ ಆಚೆಗೆ ಹೋಗಿ ಮೇಜಿನ ಮೇಲೆ ಬಿತ್ತು.

ಲೆವಿಯ ಹುಕುಮು ಮೇಲಿನ ಹುಣಸೇಕಟ್ಟೆಗೆ ವರ್ಗವಾಯಿತು. ಶೇಕ್‌ದಾರರು ರಾಗಿ ವಸೂಲಿಗೆ ಆರು ಖಾಲಿ ಗಾಡಿ ಹೊಡೆಸಿಕೊಂಡು ಬಂದು ಮುನಿಶಾಮೇಗೌಡರನ್ನು ದಾರಿ ಕೇಳಿದರಂತೆ. ಪಟೇಲರು, "ಇದು ಕೆಳಗ್ಲದ್ದು ಸ್ವಾಮಿ. ಅದು ಇನ್ನೂ ಮುಂದೆ," ಎಂದು ಗುಡ್ಡದ ಕಡೆ ಕೈ ತೋರಿಸಿದರಂತೆ. ಗುಡ್ಡದ ಆಚೆಯವರು ಈಚೆಗೆ ತೋರಿಸಿದರು. ಎರಡು ದಿನ ಅಲೆದು ಶೇಕ್‌ದಾರರು ವರದಿ ಬರೆದರು: "ಗ್ರಾಮ ತಲುಪಲಾಗಲಿಲ್ಲ. ನಿವಾಸಿಗಳು ಸಂತೆಗೆ ಹೋಗಿರಬಹುದು." ಆರು ಗಾಡಿ ರಾಗಿ ಆ ಊರಿನ ಹೆಸರಿನಲ್ಲೇ ಬಾಕಿ ನಿಂತಿತು. ಲೆವಿಯೇ ರದ್ದಾಗುವವರೆಗೂ ನಿಂತಿತ್ತು.

ಒಮ್ಮೆ ಕಾಗದದ ಮೇಲೆ ಹುಟ್ಟಿದ ಊರನ್ನು ಸಾಯಿಸುವುದು ಸುಲಭವಲ್ಲ. ಪ್ರತಿ ವರ್ಷದ ಪಟ್ಟಿಯಲ್ಲೂ ಮೇಲಿನ ಹುಣಸೇಕಟ್ಟೆಯ ಸಾಲು ಖಾಲಿ ಬಿಟ್ಟರೆ ಮೇಲಿನಿಂದ ಪ್ರಶ್ನೆ ಬರುತ್ತಿತ್ತು. ಮೊದಮೊದಲು ರಾಯರೇ ಬಾಗಿಲು ಹಾಕಿಕೊಂಡು ತುಂಬುತ್ತಿದ್ದರು. ಅವರು ನಿವೃತ್ತರಾದ ಮೇಲೆ ಅದು ನನ್ನ ಪಾಲಿಗೆ ಬಂತು. ಹೋದ ವರ್ಷಕ್ಕಿಂತ ಕಡಮೆ ಬರೆದರೆ ಕಾರಣ ಕೇಳುತ್ತಾರೆಂದು ಸ್ವಲ್ಪ ಹೆಚ್ಚು ಬರೆಯುತ್ತಿದ್ದೆ. ಒಂದು ವರ್ಷ ಹಾಲು ಹೆಚ್ಚಿಸಿದೆ. ಇನ್ನೊಂದು ವರ್ಷ ಎರಡು ಬಾವಿ ತೋಡಿಸಿದೆ. ಅಂಚಿನಲ್ಲಿ, ಯಾರಿಗೂ ತಿಳಿಯದ ಹಾಗೆ, ಹೆಂಗಸರು ಗಂಡಸರ ಜೊತೆಗೇ ಕೂತು ಉಣ್ಣುತ್ತಾರೆ ಎಂದು ಬರೆದೆ.

ನಾನು ನಿವೃತ್ತನಾಗುವ ವರ್ಷ ಹೊಸ ಅಧಿಕಾರಿಯೊಬ್ಬರು, ಬಹಳ ಚುರುಕಾದವರು, ಆ ಪಟ್ಟಿ ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದರು. "ಇಷ್ಟು ವರ್ಷದಲ್ಲಿ ಒಂದು ಸಲವೂ ಹಿಂದೆ ಬೀಳದ ಊರು ಇದೊಂದೇ. ಇವರು ಏನು ಮಾಡ್ತಾರೆ ಅಂತ ಬೇರೆ ಊರಿನವರನ್ನ ಕರ್ಕೊಂಡು ಹೋಗಿ ತೋರಿಸ್ಬೇಕು. ಎಲ್ಲಿದೆ ಸರ್ ಇದು?" ಎಂದು ಕೇಳಿದರು.

ನಿಜ ಹೇಳುವುದೋ ಬೇಡವೋ ಎಂದು ಒಂದು ಕ್ಷಣ ಯೋಚಿಸಿದೆ. ಅವರ ಮುಖದಲ್ಲಿ ಅಷ್ಟು ಆಸೆ ಇತ್ತು. ಸೂಲಿಬೆಲೆಯಿಂದ ಇನ್ನೂ ಮುಂದೆ ಎಂದೆ. ಅವರು ಬರೆದುಕೊಂಡರು. ನಾನು ಬರೆದ ಊರುಗಳಲ್ಲಿ ಯಾರೂ ಹಸಿದು ಮಲಗದ ಊರು ಅದೊಂದೇ. ಅದು ಇಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.